ಬೇಡವೆನ್ನುವ ದನಿ: ‘ನಾಗರಹಾವು’, ‘ಸೈರಾಟ್’ ಮತ್ತು ಗಡಿನಾಡಿನ ನೋಟ

ಜಾತಿ ಮತಗಳ ಗೆರೆ ದಾಟಿದ ಎಳೆಯರ ಪ್ರೇಮಕಥೆಗಳನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಪ್ರೇಮಿಗಳ ಕಡೆಯಿಂದ ಓದುತ್ತದೆ. ಅವರ ಸಾಹಸ, ಅವರ ಮುಗ್ಧತೆ, ಅವರ ಸಾವು ಇವೇ ಚರ್ಚೆಯ ವಸ್ತುಗಳಾಗುತ್ತವೆ. ಆದರೆ ಇಂಥ ಕಥೆಯನ್ನು ಕಟ್ಟುವುದು ಪ್ರೇಮವಲ್ಲ, ನಿಷೇಧ. ಬೇಡವೆನ್ನುವವರು ಯಾರು, ಯಾವ ದನಿಯಲ್ಲಿ ಬೇಡವೆನ್ನುತ್ತಾರೆ, ಆ ದನಿಯನ್ನು ಕಥೆ ಎಷ್ಟು ಗೌರವದಿಂದ ಕೇಳಿಸಿಕೊಳ್ಳುತ್ತದೆ ಎಂಬುದರ ಮೇಲೆ ಕೃತಿಯ ನೈತಿಕ ಸ್ವರೂಪ ನಿರ್ಧಾರವಾಗುತ್ತದೆ. ಕನ್ನಡ ಮತ್ತು ಮರಾಠಿ ಎರಡನ್ನೂ ಮನೆಯ ಮಾತಿನಂತೆ ಬಳಸುವ ಗಡಹಿಂಗ್ಲಜ, ಇಚಲಕರಂಜಿ, ಬಿದ್ರಿ ಪರಿಸರದ ಪ್ರೇಕ್ಷಕನಿಗೆ ಈ ಪ್ರಶ್ನೆಯನ್ನು ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ಕೇಳುವ ಅನುಕೂಲವಿದೆ. ಎರಡೂ ಭಾಷೆಗಳ ಜನಮನದಲ್ಲಿ ನೆಲೆನಿಂತ ಎರಡು ಚಲನಚಿತ್ರಗಳನ್ನು, ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಮತ್ತು ನಾಗರಾಜ ಮಂಜುಳೆಯವರ ‘ಸೈರಾಟ್’ (2016) ಇವುಗಳನ್ನು, ಆ ಪ್ರಶ್ನೆಯನ್ನಿಟ್ಟುಕೊಂಡು ಜೊತೆಯಲ್ಲಿ ನೋಡುವುದು ಈ ಬರಹದ ಉದ್ದೇಶ.

‘ನಾಗರಹಾವು’ ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು (‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’) ಕೂಡಿಸಿ ಕಟ್ಟಿದ ಚಿತ್ರ. ತಮ್ಮ ಕೃತಿಯ ಈ ರೂಪಾಂತರ ತ.ರಾ.ಸು. ಅವರಿಗೆ ಹಿಡಿಸಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಲೇಖಕರ ಅಸಮಾಧಾನ ಏನೇ ಇರಲಿ, ಚಿತ್ರ ಒಂದು ಅಪೂರ್ವವಾದ ಕೆಲಸ ಮಾಡಿತು. ನಿಷೇಧದ ದನಿಯನ್ನು ಅದು ಕಥೆಯ ಅತ್ಯಂತ ಪ್ರೀತಿಪಾತ್ರನಾದ ವ್ಯಕ್ತಿಯ ಬಾಯಲ್ಲಿಟ್ಟಿತು. ಚಾಮಯ್ಯ ಮೇಷ್ಟ್ರು ಖಳನಲ್ಲ, ಜಮೀನುದಾರನಲ್ಲ, ಹುಡುಗಿಯ ತಂದೆಯೂ ಅಲ್ಲ. ಊರೆಲ್ಲ ಪುಂಡನೆಂದು ದೂರವಿಟ್ಟ ರಾಮಾಚಾರಿಯನ್ನು ಮಗನಂತೆ ಕಂಡ ಒಬ್ಬನೇ ಹಿರಿಯ ಅವರು. ತಾಯ್ತಂದೆಯರ ಮಾತಿಗೆ ಬಗ್ಗದ ಹುಡುಗ ಮೇಷ್ಟ್ರ ಮಾತಿಗೆ ಬಗ್ಗುತ್ತಾನೆ. ಹೀಗಾಗಿ ಮೇಷ್ಟ್ರು ಬೇಡವೆಂದಾಗ ಎದುರಿಸಿ ನಿಲ್ಲಲು ಅವನಲ್ಲಿ ಯಾವ ಆಯುಧವೂ ಉಳಿಯುವುದಿಲ್ಲ.

ಈ ನಿಷೇಧ ಎರಡು ಸಲ ಬರುತ್ತದೆ. ಮೊದಲ ಸಲ ಜಾತಿಯ ಹೆಸರಿನಲ್ಲಿ: ಅಲಮೇಲುವನ್ನು ಮರೆತುಬಿಡು ಎಂಬ ಗುರುವಿನ ಮಾತಿಗೆ ರಾಮಾಚಾರಿ ತಲೆಬಾಗುತ್ತಾನೆ, ಬೇರೊಬ್ಬನನ್ನು ಮದುವೆಯಾದ ಅಲಮೇಲು ಗಂಡನಿಂದಲೇ ವೇಶ್ಯಾವೃತ್ತಿಗೆ ತಳ್ಳಲ್ಪಟ್ಟದ್ದನ್ನು ಅವನು ಮುಂದೆ ಕಣ್ಣಾರೆ ಕಾಣುತ್ತಾನೆ. ಎರಡನೆಯ ಸಲ ಮತದ ಹೆಸರಿನಲ್ಲಿ: ಕ್ರೈಸ್ತ ತರುಣಿ ಮಾರ್ಗರೆಟ್ಟಳನ್ನು ಗುರು ಒಪ್ಪುವುದಿಲ್ಲ. ಒಮ್ಮೆ ಒಪ್ಪಿಕೊಂಡು ಕಳೆದುಕೊಂಡವನು ಇನ್ನೊಮ್ಮೆ ಒಪ್ಪುವುದಾದರೂ ಹೇಗೆ? ಚಿತ್ರದುರ್ಗದ ಬೆಟ್ಟದ ಮೇಲಿನ ವಾಗ್ವಾದದಲ್ಲಿ ಶಿಷ್ಯನ ಆವೇಶಕ್ಕೆ ಗುರು ಬಲಿಯಾಗುತ್ತಾನೆ. ಅದೇ ಬೆಟ್ಟದಿಂದ ಶಿಷ್ಯನೂ ಮಾರ್ಗರೆಟ್ಟಳೂ ಹಾರಿ ಸಾಯುತ್ತಾರೆ. ಗಮನಿಸಬೇಕಾದದ್ದು, ಮೇಷ್ಟ್ರ ತೀರ್ಪು ತಪ್ಪೆಂದು ಚಿತ್ರ ಬಲ್ಲದು. ಅವರ ಹೆಂಡತಿ ತುಂಗಮ್ಮನ ಮೂಲಕ ಅದು ಹಾಗೆಂದು ಹೇಳಿಸಿಯೂ ಇದೆ. ಹುಡುಗನ ಬಾಳನ್ನು ಹುಡುಗನೇ ತೀರ್ಮಾನಿಸಲಿ ಎಂಬ ಆಕೆಯ ವಾದ ಇಡೀ ಚಿತ್ರದ ಅತ್ಯಂತ ವಿವೇಕದ ಮಾತು. ಆದರೂ ಪ್ರೇಕ್ಷಕನ ಕಣ್ಣೀರಿನ ದೊಡ್ಡ ಪಾಲು ಮೇಷ್ಟ್ರಿಗೇ ಸಲ್ಲುವಂತೆ ಚಿತ್ರ ನೋಡಿಕೊಳ್ಳುತ್ತದೆ. ಮಾರ್ಗರೆಟ್ಟಳ ಮನೆ, ಅವಳ ದೇವರು, ಅವಳ ಕಡೆಯ ಹಿರಿಯರ ಆತಂಕ ಯಾವುದಕ್ಕೂ ಇಲ್ಲಿ ಜಾಗವಿಲ್ಲ. ಅವಳು ಸಾಯುವುದಕ್ಕಷ್ಟೇ ಸಮಾನಳು.

ಇನ್ನೂ ಒಂದು ಇರಿಸುಮುರಿಸು ಇದೆ. ಅಲಮೇಲುವಿನ ಬೆನ್ನುಹತ್ತುವ ಜಲೀಲನ ಪಾತ್ರ (ಅಂಬರೀಷರ ಮೊದಲ ಪಾತ್ರವೆಂದು ಅದನ್ನು ನಾವು ಅಕ್ಕರೆಯಿಂದಲೇ ನೆನೆಯುತ್ತೇವೆ) ಮುಸ್ಲಿಮ್ ತರುಣನ ಬಯಕೆಯನ್ನು ಬರಿಯ ಪೀಡೆಯಾಗಿಸುತ್ತದೆ. ಅವನನ್ನು ಓಡಿಸಿಕೊಟ್ಟರೆ ತಂಗಿಯನ್ನು ನಿನಗೇ ಕೊಡಿಸುತ್ತೇನೆಂದು ಅಲಮೇಲುವಿನ ಅಣ್ಣ ರಾಮಾಚಾರಿಗೆ ಮಾತು ಕೊಡುತ್ತಾನೆ, ಆಮೇಲೆ ತಪ್ಪುತ್ತಾನೆ. ಅಂದರೆ ಒಂದು ಗೆರೆಯನ್ನು ಕಾಯುವ ಕಾವಲುಗಾರನಾಗಿ ಬಂದವನು ತಾನೇ ಇನ್ನೊಂದು ಗೆರೆಯನ್ನು ದಾಟಹೊರಟಿದ್ದಾನೆ. ಕೋಟೆಯ ಕಿಂಡಿಯಲ್ಲಿ ನುಸುಳುವ ಹೈದರನ ಸೈನಿಕರನ್ನು ಒನಕೆಯಿಂದ ಬಡಿದ ಓಬವ್ವನ ಹಾಡು ಇದೇ ಚಿತ್ರದಲ್ಲಿದೆ. ಕಿಂಡಿ ಕಾದವಳ ಕೀರ್ತನೆ ಮತ್ತು ಕಿಂಡಿ ದಾಟಿದವರ ದುರಂತ ಇವೆರಡನ್ನೂ ಒಂದೇ ಕಲ್ಲುಬೆಟ್ಟದ ಮೇಲೆ ನಿಲ್ಲಿಸಿದ ಪುಟ್ಟಣ್ಣನವರಿಗೆ ಆ ವೈರುಧ್ಯ ಹೊಳೆದಿತ್ತೋ ಇಲ್ಲವೋ, ಚಿತ್ರಕ್ಕಂತೂ ಅದು ಮೈಗೂಡಿದೆ.

ಕನ್ನಡದ ನೆನಪಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಒಂದು ಕಥೆ ಇದೆಯೆಂಬುದನ್ನು ಮರೆಯುವಂತಿಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆಯಲ್ಲಿ ಹಿರಿಯರು ಬೇಡವೆನ್ನಲಿಲ್ಲ, ಹೌದೆಂದರು. ಪರಂಪರೆ ಹೇಳುವಂತೆ ಬಿಜ್ಜಳನ ಆಜ್ಞೆಯಿಂದ ಸತ್ತವರೂ ಆ ತಂದೆಯರೇ. ಗಡಹಿಂಗ್ಲಜ ಭಾಗದ ಲಿಂಗಾಯತ ಮನೆಗಳಲ್ಲಿ ಈ ಕಥೆ ಇಂದಿಗೂ ಪುಣ್ಯಕಥೆ. ಆದರೆ ಈ ಕಥನದಲ್ಲಿ ವಧೂವರರಿಗೆ ಮಾತೇ ಇಲ್ಲವೆನ್ನಬೇಕು. ಅವರು ತತ್ತ್ವವೊಂದರ ನಿದರ್ಶನಗಳು. ಆಧುನಿಕ ನಾಟಕಕಾರರು ಈ ಮೌನವನ್ನು ಬೇರೆಬೇರೆ ರೀತಿಯಲ್ಲಿ ಮುರಿದರು. ಲಂಕೇಶರ ‘ಸಂಕ್ರಾಂತಿ’ಯ ಉಷಾ ಮತ್ತು ರುದ್ರ ಪ್ರೇಮಿಗಳಾಗಿಯೇ ಬರುತ್ತಾರೆ, ಶರಣನಾಗಿ ಪಳಗಿದ ರುದ್ರನಲ್ಲಿ ತಾನು ಮೆಚ್ಚಿದ ಹುಡುಗ ಕಾಣುತ್ತಿಲ್ಲವೆಂಬುದೇ ಅವಳ ತಕರಾರು. ಕಾರ್ನಾಡರ ‘ತಲೆದಂಡ’ದಲ್ಲಿ (1990) ಮದುವೆಯ ಸುದ್ದಿ ಕೇಳಿದ ಬಸವಣ್ಣನೇ ಅಳುಕುತ್ತಾನೆ. ಸಮ್ಮತಿಯಲ್ಲೂ ಭಯವಿರುತ್ತದೆ ಎಂಬುದನ್ನು ಬಲ್ಲ ಈ ನಾಟಕಗಳ ಪಕ್ಕದಲ್ಲಿಟ್ಟರೆ ಚಾಮಯ್ಯ ಮೇಷ್ಟ್ರ ಖಚಿತತೆ ಕೊಂಚ ಅಗ್ಗವಾಗಿ ಕಾಣುತ್ತದೆ.

‘ಸೈರಾಟ್’ನಲ್ಲಿ ಬೇಡವೆನ್ನುವ ದನಿಗೆ ಅಳುಕಿಲ್ಲ, ವಾದವಿಲ್ಲ, ಬಹುಮಟ್ಟಿಗೆ ಮಾತೇ ಇಲ್ಲ. ಮರಾಠಾ ಪಾಟೀಲರ ಮನೆಯ ಆರ್ಚಿ, ಮೀನು ಹಿಡಿದು ಬದುಕುವ ಕುಟುಂಬದ ಪರಶ್ಯಾ. ಅವಳ ತಂದೆ ಯಾರಿಗೂ ಜಾತಿಯ ಉಪದೇಶ ಮಾಡುವುದಿಲ್ಲ. ಅದರ ಅಗತ್ಯ ಅವನಿಗಿಲ್ಲ. ಕ್ರಿಕೆಟ್ ಪಂದ್ಯದ ಬಹುಮಾನ ವಿತರಣೆಯಲ್ಲಿ ಮೈಕು ಹಿಡಿದು ನಿಂತ ಅವನ ನಿಲುವಿನಲ್ಲೇ ಎಲ್ಲವೂ ಹೇಳಿಯಾಗಿದೆ. ದಲಿತ ಸಾಹಿತ್ಯದ ಪಾಠ ನಡೆಯುತ್ತಿರುವಾಗ ತನ್ನನ್ನು ಪ್ರಶ್ನಿಸಿದ ಅಧ್ಯಾಪಕರ ಕೆನ್ನೆಗೆ ಪಾಟೀಲರ ಮಗ ಪ್ರಿನ್ಸ್ ಬಾರಿಸುತ್ತಾನೆ. ಮಂಜುಳೆಯವರ ಜಗತ್ತಿನಲ್ಲಿ ಮೇಷ್ಟ್ರು ಬೇಡವೆನ್ನುವ ಅಧಿಕಾರವುಳ್ಳವರಲ್ಲ, ಏಟು ತಿನ್ನುವವರು. ‘ನಾಗರಹಾವು’ ಕಂಡ ಕನ್ನಡಿಗನಿಗೆ ಈ ಒಂದು ಏಟು ಎರಡು ಚಿತ್ರಗಳ ನಡುವಿನ ನಾಲ್ಕು ದಶಕಗಳಷ್ಟೇ ಅಲ್ಲ, ಎರಡು ಸಾಮಾಜಿಕ ದೃಷ್ಟಿಗಳ ಅಂತರವನ್ನೂ ತೋರುತ್ತದೆ. ಜಲೀಲನ ಎದುರಿಗೆ ಪರಶ್ಯಾನ ಗೆಳೆಯ ಸಲೀಮನನ್ನೂ ಇಟ್ಟು ನೋಡಬಹುದು. ಸಲೀಮನ ಮತ ಕಥೆಗೆ ಸಮಸ್ಯೆಯೇ ಆಗುವುದಿಲ್ಲ. ಓಡಿಹೋಗುವವರ ಜೊತೆ ಓಡುತ್ತಾನೆ, ಅವರಿಗಾಗಿ ಪೆಟ್ಟು ತಿನ್ನುತ್ತಾನೆ, ಅಷ್ಟೆ.

ಕಥೆ ನಡೆಯುವುದು ಸೊಲ್ಲಾಪುರ ಜಿಲ್ಲೆಯ ಕರಮಾಳೆಯ ಸೀಮೆಯಲ್ಲಾದರೂ ನಮ್ಮ ಭಾಗದವರಿಗೆ ಆ ಪಾಟೀಲನ ಪರಿಚಯ ಬೇಕಿಲ್ಲ. ಬಿದ್ರಿಯ ದೂಧಗಂಗಾ–ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಸಂಸ್ಥೆಗಳ ಸುತ್ತ ಬೆಳೆದ ಕಬ್ಬಿನ ನಾಡಿನಲ್ಲಿ ಹೊಲ, ಸೊಸೈಟಿ, ಶಾಲೆ, ಚುನಾವಣೆ ಇವು ಒಂದೇ ಬೇರಿನ ಕವಲುಗಳೆಂಬುದು ಮಕ್ಕಳಿಗೂ ತಿಳಿದ ವಿಷಯ. ‘ಪಾಟೀಲ’ ಎಂಬುದಾದರೋ ಮೂಲದಲ್ಲಿ ಜಾತಿಯ ಹೆಸರಲ್ಲ, ಊರಿನ ಹುದ್ದೆಯ ಹೆಸರು. ಗಡಹಿಂಗ್ಲಜದಲ್ಲಿ ಪಾಟೀಲ ಮರಾಠನಿರಬಹುದು, ಲಿಂಗಾಯತನಿರಬಹುದು, ಜೈನನಿರಬಹುದು. ಎರಡೂ ಭಾಷೆಗಳಿಗೆ, ಮೂರು ಸಮುದಾಯಗಳಿಗೆ ಸೇರಿದ ಈ ಒಂದು ಅಡ್ಡಹೆಸರಿನಲ್ಲಿ ಗಡಿನಾಡಿನ ಸಮಾಜಶಾಸ್ತ್ರವೇ ಅಡಗಿದೆ. ಆಳುವವರ ಹೆಸರಿಗೆ ಅನುವಾದ ಬೇಕಾಗುವುದಿಲ್ಲ.

ಪರಶ್ಯಾನ ಪಾಡು ಹಾಗಲ್ಲ. ಅವನನ್ನು ಬೇರೆ ಭಾಷೆಗೆ ಒಯ್ಯುವುದು ಕಷ್ಟ. ‘ಸೈರಾಟ್’ ನೂರು ಕೋಟಿ ರೂಪಾಯಿಗೂ ಮಿಕ್ಕಿ ಗಳಿಸಿದ ಮೇಲೆ ಅದರ ರೂಪಾಂತರಗಳು ಸಾಲಾಗಿ ಬಂದವು. 2018ರ ಹಿಂದಿ ‘ಧಡಕ್’ ಕಥೆಯನ್ನು ಉದಯಪುರಕ್ಕೆ ಒಯ್ದಿತು. ಜಾತಿ ಅಲ್ಲಿ ಅರಮನೆಯ ಅಂದದ ಹಿಂದೆ ಸರಿಯಿತೆಂದು ವಿಮರ್ಶಕರು ಆಕ್ಷೇಪಿಸಿದ್ದು ನ್ಯಾಯವೇ ಆಗಿತ್ತು. ಅದಕ್ಕೂ ಮೊದಲು, 2017ರಲ್ಲಿ, ಎಸ್. ನಾರಾಯಣ್ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ತೆಗೆದರು. ಆ ಶೀರ್ಷಿಕೆಯೇ ಒಂದು ವಿಮರ್ಶೆಯ ವಿಷಯ. ‘ಸೈರಾಟ್’ ಎಂದರೆ ಲಂಗುಲಗಾಮಿಲ್ಲದ ಓಟ, ಕಟ್ಟಿಲ್ಲದ ಹುಮ್ಮಸ್ಸು. ಬುಲೆಟ್ ಮತ್ತು ಟ್ರ್ಯಾಕ್ಟರು ಓಡಿಸುವ ಹುಡುಗಿಯ ಕಥೆಗೆ ಅದು ತಕ್ಕ ಹೆಸರು. ಕನ್ನಡಕ್ಕೆ ಬರುವಾಗ ಆ ಓಟ ಹೂವಾಯಿತು. ಪ್ರೇಮದ ಸೌಮ್ಯತೆಯೇ ಪ್ರೇಮದ ಸಮರ್ಥನೆ ಎಂಬ ನಮ್ಮ ಜನಪ್ರಿಯ ಸಿನಿಮಾದ ಹಳೆಯ ನಂಬಿಕೆ ಇಲ್ಲಿ ಕೆಲಸ ಮಾಡಿದೆ. ಹದಿಹರೆಯದ ಹೆಣ್ಣಿನ ಬಯಕೆ ಸೌಮ್ಯವಾಗಿರಲೇಬೇಕೆಂಬ ಷರತ್ತಾದರೂ ಏಕೆ?

ಆದರೆ ಈ ರೂಪಾಂತರದಲ್ಲಿ ಒಂದು ಸೊಗಸಾದ ಸಂಗತಿಯೂ ಇದೆ. ಆರ್ಚಿಯಾಗಿ ನಟಿಸಿದ ರಿಂಕು ರಾಜಗುರು ಅವರೇ ಕನ್ನಡದಲ್ಲೂ ನಾಯಕಿ. ಅಕಲೂಜದ ಆ ಬಾಲೆ ಹದಿನಾರರ ಆಸುಪಾಸಿನಲ್ಲಿ ತನ್ನದಲ್ಲದ ಭಾಷೆಯ ಚಿತ್ರದಲ್ಲಿ ಅದೇ ಬಾಳನ್ನು ಮತ್ತೆ ಬಾಳಿದಳು. ಮೂಲ ಚಿತ್ರದ ಆರ್ಚಿಯದೂ ಇದೇ ಕೆಲಸ ತಾನೆ? ಊರಲ್ಲಿದ್ದಾಗ ಅವಳ ದರ್ಪವೆಲ್ಲ ಭಾಷೆಯ ದರ್ಪ. ಮರಾಠಿ ತಿಳಿಯದಿದ್ದರೆ ಇಂಗ್ಲಿಷಿನಲ್ಲಿ ಹೇಳಲೇ ಎಂದು ಗಂಡಸರನ್ನು ಗದರಿಸುವ ಅವಳ ಮಾತು ಮಹಾರಾಷ್ಟ್ರದಲ್ಲಿ ಗಾದೆಯಾಗಿಹೋಯಿತು. ಹೈದರಾಬಾದಿನ ಕೊಳೆಗೇರಿಯಲ್ಲಿ ಬಿದ್ದಾಗ ಆ ಹುಡುಗಿ ಮೂಕಿ. ಚಿತ್ರದ ಉತ್ತರಾರ್ಧವನ್ನು ಮೊದಲಾರ್ಧದ ಹಾಡುಗಳಿಗಾಗಿ ಹಂಬಲಿಸುವ ಪ್ರೇಕ್ಷಕರು ಜಡವೆನ್ನುತ್ತಾರೆ. ನನಗಾದರೋ ಚಿತ್ರದ ನಿಜವಾದ ಸಾಧನೆ ಆ ಭಾಗದಲ್ಲೇ ಇದೆ. ದೋಸೆ ಮಾಡಿ ಮಾರುವ ಸುಮನಕ್ಕನ ಆಸರೆ, ಕಾರ್ಖಾನೆಯ ಕೂಲಿ, ಅನುಮಾನ, ಜಗಳ, ಮತ್ತೆ ಕೂಡುವಿಕೆ, ಇವುಗಳ ನಡುವೆ ಆರ್ಚಿಯ ನಾಲಗೆಯ ಮೇಲೆ ತೆಲುಗು ನಿಧಾನವಾಗಿ ಕೂರುತ್ತದೆ.

1966ರಲ್ಲಿ ಮಹಾಜನ ಆಯೋಗ ನೇಮಕವಾಗಿ ಮರುವರ್ಷ ವರದಿ ಕೊಟ್ಟಲ್ಲಿಂದ ಇಲ್ಲಿಯವರೆಗೂ ಈ ಸೀಮೆಯಲ್ಲಿ ‘ಗಡಿ’ ಎಂದರೆ ಭಾಷೆಯ ಗಡಿ. ನಮ್ಮ ಸಂಶೋಧನೆ, ನಮ್ಮ ಚಳವಳಿ, ನಮ್ಮ ನೋವು ಆ ಗೆರೆಯ ಸುತ್ತಲೇ ಸುತ್ತಿವೆ. ‘ಸೈರಾಟ್’ ಆ ಗೆರೆಯನ್ನು ಒಂದು ಕೂಲಿಕೆಲಸದ ಅವಧಿಯಲ್ಲಿ ದಾಟಿಸಿಬಿಡುತ್ತದೆ. ಇಚಲಕರಂಜಿಯ ಮಗ್ಗದ ಕಾರ್ಖಾನೆಗಳಲ್ಲಿ ಪಕ್ಕಪಕ್ಕದಲ್ಲಿ ನಿಂತು ದುಡಿಯುವವರಿಗೆ ಇದು ಹೊಸ ವಿಷಯವೇನಲ್ಲ; ಭಾಷೆ ದಾಟಬಲ್ಲ ಹೊಳೆ. ದಾಟಲಾಗದ್ದು ಇನ್ನೊಂದು. ಅದನ್ನು ದಾಟಲು ರಾಜ್ಯ ಬಿಟ್ಟು ಹೋದರೂ ಸಾಲದೆಂದು ಚಿತ್ರ ತೋರಿಸುತ್ತದೆ. ಅಲ್ಪಸಂಖ್ಯಾತ ಭಾಷೆಯ ಅಧ್ಯಯನದಲ್ಲಿ ತೊಡಗಿದ ನಾವು ಈ ಹೋಲಿಕೆಯನ್ನು ಎದುರಿಸಲು ಹಿಂಜರಿಯುತ್ತೇವೆಂದು ನನ್ನ ಅನಿಸಿಕೆ. ಕನ್ನಡ ಮರಾಠಿ ಸಾಮರಸ್ಯದ ಬಗ್ಗೆ ನಮ್ಮಲ್ಲಿ ವಿಚಾರಸಂಕಿರಣಗಳು ನಡೆಯುತ್ತವೆ. ಆ ಸಾಮರಸ್ಯ ಎಷ್ಟೋ ಸಲ ಎರಡೂ ಭಾಷೆಗಳ ಪಾಟೀಲರ ಸಾಮರಸ್ಯವಾಗಿ ಮುಗಿಯುತ್ತದೆ.

ಕಾನೂನು ಇಲ್ಲಿ ಹಿಂದೆ ಬಿದ್ದಿತ್ತೆಂದೂ ಹೇಳುವಂತಿಲ್ಲ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1910ರ ದಶಕದ ಕೊನೆಯ ವೇಳೆಗೇ ಅಂತರ್ಜಾತೀಯ ವಿವಾಹಕ್ಕೆ ಮಾನ್ಯತೆ ಕೊಟ್ಟಿದ್ದರು. 1954ರ ವಿಶೇಷ ವಿವಾಹ ಕಾಯ್ದೆ ಇಡೀ ದೇಶಕ್ಕೆ ಆ ದಾರಿಯನ್ನು ತೆರೆಯಿತು. ಜೊತೆಗೆ ಮೂವತ್ತು ದಿನಗಳ ಬಹಿರಂಗ ನೋಟೀಸನ್ನೂ ಇಟ್ಟಿತು. ತಲೆತಪ್ಪಿಸಿಕೊಂಡು ಬಂದ ಜೋಡಿಗೆ ಆ ಮೂವತ್ತು ದಿನಗಳು ಎಷ್ಟು ಉದ್ದವೆಂಬುದನ್ನು ಕಾಯ್ದೆ ಬರೆದವರು ಯೋಚಿಸಿರಲಾರರು.

‘ಸೈರಾಟ್’ನಲ್ಲಾದರೋ ವರ್ಷಗಳೇ ಕಳೆದಿರುತ್ತವೆ. ಮದುವೆಯಾಗಿದೆ, ಗಂಡುಮಗುವಿದೆ, ಮನೆ ಕೊಳ್ಳುವ ಯೋಚನೆಯಿದೆ. ಆಗ ಆರ್ಚಿ ತಾಯಿಗೆ ಫೋನು ಮಾಡುತ್ತಾಳೆ. ತೆಲುಗಿನ ನಡುವೆ ಬಾಳುತ್ತಿದ್ದವಳು ತಾಯಿಯೊಡನೆ ತಾಯ್ನುಡಿಯಲ್ಲಿ ಆಡುವ ಮಾತು ಅದು. ಭಾಷೆಯನ್ನು ಪ್ರೀತಿಸುವ ಯಾರಿಗಾದರೂ ಆ ಕ್ಷಣ ಮನೆಗೆ ಮರಳಿದಂತೆ ಕಾಣುತ್ತದೆ. ಆಮೇಲೆ ಪ್ರಿನ್ಸ್ ಮತ್ತು ಅವನ ಜೊತೆಯವರು ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ತಾಯಿ ಕಳಿಸಿದ ಉಡುಗೊರೆಗಳಿವೆ. ಆರ್ಚಿ ಚಹಾ ಮಾಡಿ ಕೊಡುತ್ತಾಳೆ. ಇಲ್ಲೂ ಬೇಡವೆಂದು ಯಾರೂ ಹೇಳುವುದಿಲ್ಲ. ಚಾಮಯ್ಯ ಮೇಷ್ಟ್ರು ಬೆಟ್ಟದ ಮೇಲೆ ಗಂಟಲು ಬಿರಿಯುವಂತೆ ಆಡಿದ ಮಾತನ್ನು ಇವರು ಚಹಾದ ಕಪ್ಪಿನ ಮೇಲೆ ನಗುತ್ತ ಕೂತು ಆಡದೆ ಬಿಡುತ್ತಾರೆ. ತಾಯಿಗೆ ಮುಂದಾಗುವುದು ತಿಳಿದಿತ್ತೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ನೆರೆಮನೆಯ ಹೆಂಗಸು ಆಡಿಸಲು ಕರೆದೊಯ್ದಿದ್ದ ಮಗು ಮರಳಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಲ್ಲಿಯವರೆಗೆ ಅಜಯ್–ಅತುಲರ ಸಂಗೀತದಲ್ಲಿ ಮುಳುಗಿದ್ದ ಚಿತ್ರದ ದನಿ ಅಲ್ಲಿಗೆ ಪೂರ್ತಿ ನಿಂತುಹೋಗುತ್ತದೆ. ಆ ಮಗು ಅಳುತ್ತದೆ, ಆದರೆ ಯಾವ ಭಾಷೆಯಲ್ಲಿ ಯಾರನ್ನು ಕರೆಯುತ್ತಿದೆಯೆಂಬುದು ನಮಗೆ ಕೇಳಿಸುವುದಿಲ್ಲ.