ಬಿಳಿಗುಂಡ್ಲುವಿನ ಲೆಕ್ಕ, ಬಿಳಿಮೀನಿನ ಪಾಲು

ಕಾವೇರಿ ತೀರ್ಪನ್ನು ನಾವು ಓದುವುದು ಎರಡೇ ಅಂಕಿಗಳಿಗಾಗಿ: ನಮಗೆಷ್ಟು, ತಮಿಳುನಾಡಿಗೆಷ್ಟು. 2007ರಲ್ಲಿ ನ್ಯಾಯಮಂಡಳಿ 740 ಟಿಎಂಸಿ ಅಡಿ ನೀರನ್ನು ಹಂಚಿದಾಗ ಇನ್ನೊಂದು ಅಂಕಿಯೂ ಅದರಲ್ಲಿತ್ತು. ಪರಿಸರ ರಕ್ಷಣೆಗೆ 10 ಟಿಎಂಸಿ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿತು, ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ ನೀರನ್ನು 192ರಿಂದ 177.25ಕ್ಕೆ ಇಳಿಸಿತು, ಆ ಹತ್ತನ್ನು ಮಾತ್ರ ಮುಟ್ಟಲಿಲ್ಲ. ಬೆಳೆ, ಊರು, ಕೈಗಾರಿಕೆಗಳ ಸಾಲಿನಲ್ಲಿ ನದಿಗೂ ಒಂದು ಪಾಲುಂಟೆಂದು ಕಾನೂನು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಪಾಲನ್ನು ಅಳೆಯುವ ಕ್ರಮ ನದಿಯೊಳಗೆ ಬದುಕುವ ಜೀವಕ್ಕೆ ಹೊಂದುವುದಿಲ್ಲ ಎಂಬುದು ನನ್ನ ತಕರಾರು.

ಬಿಳಿಮೀನನ್ನೇ ನೋಡೋಣ. ಗೂನುಬೆನ್ನಿನ ಈ ಮಹಶೀರ್ ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ದೇಶವಿದೇಶದ ಗಾಳಗಾರರು ಇಷ್ಟೊಂದು ಕಾಲ ಅರಸಿ ಬಂದ ಮೀನು 'ಟಾರ್ ರೆಮಾದೇವಿ' ಎಂಬ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ದೋಷವೆಲ್ಲ ಅಣೆಕಟ್ಟಿನದೆಂದರೆ ಸುಳ್ಳಾಗುತ್ತದೆ. ಲೋನಾವಳದಲ್ಲಿ ಮರಿಮಾಡಿಸಿದ ನೀಲಿರೆಕ್ಕೆಯ ಮಹಶೀರನ್ನು ಸದುದ್ದೇಶದಿಂದಲೇ ಕಾವೇರಿಗೆ ತಂದು ಬಿಟ್ಟರು. ಅದು ಹೆಚ್ಚಿದಂತೆ ಮೂಲದ ಮೀನು ವಿರಳವಾಯಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವವರದೂ ಪಾಲಿದೆ. ಆದರೂ ಉಳಿದಷ್ಟು ಮೀನು ಉಳಿಯಬೇಕಾದರೆ ನೀರು ಬೇಕು, ಅದೂ ಹೊತ್ತಿಗೆ ಸರಿಯಾಗಿ ಬೇಕು.

ನದಿಯ ಪಾಲೂ ಸೇರಿ ಗಡಿಯಲ್ಲಿ ಹರಿಯಬೇಕಾದ ನೀರಿಗೆ ತೀರ್ಪಿನ ಮಾಸಿಕ ಪಟ್ಟಿಯಲ್ಲಿ ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ ಎಂದಿದೆ. ದಿನಕ್ಕೆ ಹಂಚಿದರೆ ಸರಾಸರಿ 960 ಕ್ಯೂಸೆಕ್ ಆಸುಪಾಸು. ಹತ್ತು ದಿನಗಳ ಕಂತಿನಲ್ಲಿ ಇಷ್ಟು ನೀರು ಗಡಿ ದಾಟಿತೇ ಎಂದು ಲೆಕ್ಕ ನೋಡುತ್ತಾರೆ. ಒಂದು ದಿನ ಮಡುವು ಬಂಡೆ ಕಾಣುವಷ್ಟು ಇಳಿದು ಮರುದಿನ ಉಕ್ಕಿದರೂ ಕಂತು ಸರಿಹೋದರೆ ಲೆಕ್ಕ ಸರಿ. ಮೀನಿಗೆ ಕಂತು ಗೊತ್ತಿಲ್ಲ. ಬೇಸಿಗೆಯಲ್ಲಿ ಅದಕ್ಕೆ ಆಳದ, ತಂಪಾದ ಮಡು ಒಂದು ದಿನವೂ ತಪ್ಪದೆ ಇರಬೇಕು. ಮುಂಗಾರಿನ ಹೊಸನೀರು ಬಂದಾಗ ಮಹಶೀರ್‌ಗಳು ಪ್ರವಾಹಕ್ಕೆದುರಾಗಿ ಏರಿ ಜಲ್ಲಿಹಾಸಿನಲ್ಲಿ ಮೊಟ್ಟೆಯಿಡುತ್ತವೆ. ಆ ಮೊದಲ ನೆರೆಯನ್ನೇ ನಾವು ಜಲಾಶಯದಲ್ಲಿ ಹಿಡಿದಿಟ್ಟುಕೊಳ್ಳುತ್ತೇವೆ.

ಅಳೆಯುವ ಜಾಗವೂ ಒಂದೇ, ಗಡಿ. ಹೇಮಾವತಿ, ಹಾರಂಗಿ, ಕಬಿನಿ ಅಣೆಕಟ್ಟುಗಳ ಕೆಳಗೆ ಹೊಳೆಯಲ್ಲಿ ಎಷ್ಟು ನೀರಿರಬೇಕೆಂದು ಈ ಹತ್ತು ಟಿಎಂಸಿ ಹೇಳುವುದಿಲ್ಲ. 2018ರಲ್ಲೇ ಕೇಂದ್ರ ಸರ್ಕಾರ ಗಂಗೆಗೆ ಹೊರಡಿಸಿದ ಅಧಿಸೂಚನೆ ಈ ದೃಷ್ಟಿಯಿಂದ ಮೇಲು. ಹರಿದ್ವಾರದವರೆಗಿನ ಮೇಲ್ಗಂಗೆಯಲ್ಲಿ ಚಳಿಗಾಲಕ್ಕೆ ಶೇ. 20, ಮಳೆಗಾಲಕ್ಕೆ ಶೇ. 30 ಎಂದು ಆಯಾ ತಿಂಗಳ ಸರಾಸರಿ ಹರಿವಿಗೆ ತಕ್ಕ ಪಾಲನ್ನು ಅದು ನಿಗದಿಮಾಡಿತು.

ಮಂಡ್ಯದ ರೈತರೆದುರು ಇದನ್ನು ಹೇಳುವುದು ಸುಲಭವಲ್ಲ. 2023ರಲ್ಲಿ ಮಳೆ ಕೈಕೊಟ್ಟು, ನಾಲೆಗೆ ನೀರು ಸಾಲದೆ, ಗಡಿಗೆ ಮಾತ್ರ ನೀರು ಹರಿಯುವುದನ್ನು ನೋಡಿದವರು ಅವರು. ಮೀನಿಗೂ ಪಾಲು ಎಂದರೆ ತಮ್ಮ ಗದ್ದೆಯ ನೀರೇ ಹೋಯಿತೆಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಮೀನು ನೀರನ್ನು ಖರ್ಚು ಮಾಡುವುದಿಲ್ಲ. ಶಿವನಸಮುದ್ರದ ಕೆಳಗೆ ದೊಡ್ಡಮಾಕಳಿ, ಭೀಮೇಶ್ವರಿ, ಗಾಲಿಬೋರೆ ಹಾದು ಮೇಕೆದಾಟಿನತ್ತ ಇಳಿಯುವ ಹೊಳೆಯೇ ಬಿಳಿಮೀನಿನ ಹಳೆಯ ನೆಲೆ. ನಾವು 'ತಮಿಳುನಾಡಿಗೆ ಬಿಟ್ಟ ನೀರು' ಎನ್ನುವುದು ಹರಿಯುವುದು ಇದೇ ದಾರಿಯಲ್ಲಿ. ಜೂನ್ ತಿಂಗಳಲ್ಲಿ ಹೇಗೂ 9.19 ಟಿಎಂಸಿ ಕೊಡಬೇಕು. ಕೊಡಗಿನಲ್ಲಿ ಮಳೆ ಹಿಡಿದ ದಿನಗಳನ್ನು ನೋಡಿ ಅದರಲ್ಲೊಂದು ಭಾಗವನ್ನು ಒಟ್ಟಾಗಿ ಹರಿಸಿದರೆ ಮೀನಿಗೆ ನೆರೆ ಸಿಗುತ್ತದೆ, ಬಿಳಿಗುಂಡ್ಲುವಿನ ಲೆಕ್ಕಕ್ಕೂ ಅದು ಜಮೆಯಾಗುತ್ತದೆ. ಜಲಾಶಯಗಳು ತಳಕಂಡ ವರ್ಷದಲ್ಲಿ ಇದು ಕಷ್ಟ, ನಿಜ. ಎಲ್ಲ ವರ್ಷವೂ ಹಾಗಿರುವುದಿಲ್ಲ.

ಇದನ್ನು ಕೇಳುವವರು ಯಾರು? ಕಾವೇರಿ ನೀರು ನಿಯಂತ್ರಣ ಸಮಿತಿಯಲ್ಲಿ ರಾಜ್ಯಗಳ ಎಂಜಿನಿಯರುಗಳಿದ್ದಾರೆ, ಹವಾಮಾನ ಇಲಾಖೆಯವರಿದ್ದಾರೆ, ತೋಟಗಾರಿಕೆಯ ಪ್ರತಿನಿಧಿಯೂ ಇದ್ದಾರೆ. ಹೊಳೆಯ ಜೀವ ಬಲ್ಲವರಿಗೆ ಅಲ್ಲಿ ಕುರ್ಚಿಯಿಲ್ಲ. ಹತ್ತು ಟಿಎಂಸಿ ಕೊಟ್ಟ ವ್ಯವಸ್ಥೆ ಆ ಹತ್ತರ ಪರವಾಗಿ ಮಾತಾಡುವ ಒಬ್ಬರನ್ನೂ ಇಡಲಿಲ್ಲ. ಈ ತೀರ್ಪಿನ ಅತಿ ದೊಡ್ಡ ಕೊರತೆ ನನಗೆ ಕಾಣುವುದು ಇಲ್ಲೇ.

ಮೇಕೆದಾಟು ಯೋಜನೆಯ ಚರ್ಚೆ ಈ ಕೊರತೆಯನ್ನು ಇನ್ನಷ್ಟು ಬಯಲಿಗೆ ತರುತ್ತದೆ. 67.16 ಟಿಎಂಸಿಯ ಜಲಾಶಯ, ಬೆಂಗಳೂರಿಗೆ 4.75 ಟಿಎಂಸಿ ಕುಡಿಯುವ ನೀರು, 400 ಮೆಗಾವಾಟ್ ವಿದ್ಯುತ್. ನಗರದ ಬಾಯಾರಿಕೆ ಸುಳ್ಳಲ್ಲ. ಆದರೆ ಅಣೆಕಟ್ಟು ಎದ್ದರೆ ಗಡಿಯ ಅಂಕಿ ಒಂದು ಹನಿಯೂ ತಪ್ಪದೆ ಮುಟ್ಟಬಹುದು, ಕಾವೇರಿ ವನ್ಯಧಾಮದೊಳಗಿನ ಈ ಹರಿಯುವ ಹೊಳೆ ನಿಂತ ನೀರಾಗಬಹುದು. ಈಗಿನ ಲೆಕ್ಕದ ಪ್ರಕಾರ ಅದು ತೀರ್ಪಿನ ಉಲ್ಲಂಘನೆ ಎನಿಸುವುದೂ ಇಲ್ಲ.