ಪೋಕರಿಯಿಲ್ಲದ ಚಿನ್ನದ ಗಣಿ

‘ಕೆಜಿಎಫ್’ ಚಿತ್ರವನ್ನು ಪುರಾಣವೆಂದು ಹೊಗಳಿದವರುಂಟು, ಬರೀ ಗದ್ದಲವೆಂದು ತೆಗಳಿದವರೂ ಉಂಟು. ನನಗಂತೂ ಅದು ಇಟಲಿಯವರ ಕೌಬಾಯ್ ಸಿನಿಮಾಗಳ ವಂಶದ ಕುಡಿಯಾಗಿ ಕಾಣುತ್ತದೆ. ಧೂಳು, ಚಿನ್ನ, ಕಾನೂನು ಕಾಲಿಡದ ಊರು, ಹೊರಗಿನಿಂದ ಬಂದ ಬಂದೂಕಿನವನು, ಅವನಿಗಿಂತ ಮೊದಲೇ ಬರುವ ಅವನ ಸಂಗೀತ, ಎಲ್ಲವೂ ಅಲ್ಲಿವೆ. ಸೆರ್ಜಿಯೊ ಕೊರ್ಬುಚಿಯ ‘ಜಾಂಗೋ’ದಲ್ಲಿ (1966) ಶವಪೆಟ್ಟಿಗೆಯೊಳಗಿಂದ ಮಷಿನ್‌ಗನ್ ಎದ್ದು ಬಂದಿತ್ತು. 2022ರ ಎರಡನೇ ಅಧ್ಯಾಯದಲ್ಲಿ ಅದರ ಮೊಮ್ಮಗಳಿಗೆ ‘ದೊಡ್ಡಮ್ಮ’ ಎಂಬ ಹೆಸರು. ಕಾದು ಕೆಂಪಾದ ನಳಿಗೆಯಲ್ಲಿ ನಾಯಕ ರಾಕಿ ಸಿಗರೇಟು ಹೊತ್ತಿಸಿಕೊಳ್ಳುವ ಗತ್ತನ್ನು ನೋಡಿದ್ದರೆ ಕೊರ್ಬುಚಿಯೂ ಶಿಳ್ಳೆ ಹೊಡೆಯುತ್ತಿದ್ದನೇನೋ.

ಆದರೆ ವಂಶದ ಮುಖ್ಯ ಗುಣವೊಂದು ಇಲ್ಲಿ ಇಳಿದು ಬಂದಿಲ್ಲ. ಅದು ಪೋಕರಿತನ.

ಸೆರ್ಜಿಯೊ ಲಿಯೊನೆಯ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯಲ್ಲಿ ಕ್ಲಿಂಟ್ ಈಸ್ಟ್‌ವುಡ್ ಮಾಡುವ ದಂಧೆ ನೆನಪಿಸಿಕೊಳ್ಳಿ. ಟುಕೋ ಎಂಬ ಕಳ್ಳನನ್ನು ಹಿಡಿದುಕೊಟ್ಟು ಬಹುಮಾನ ಪಡೆಯುತ್ತಾನೆ, ನೇಣು ಬಿಗಿಯುವ ಹೊತ್ತಿಗೆ ದೂರದಿಂದ ಹಗ್ಗಕ್ಕೆ ಗುಂಡಿಟ್ಟು ಅವನನ್ನು ಬಿಡಿಸುತ್ತಾನೆ, ಹಣ ಹಂಚಿಕೊಂಡು ಇಬ್ಬರೂ ಮುಂದಿನ ಊರಿಗೆ ಹೊರಡುತ್ತಾರೆ. ಇವನು ‘ಒಳ್ಳೆಯವನು’! ಅದೇ ಟುಕೋ ಸೇಡಿಗಾಗಿ ಅವನನ್ನು ಮರಳುಗಾಡಿನಲ್ಲಿ ತುಟಿ ಒಡೆಯುವಂತೆ ನಡೆಸಿದಾಗ ನಾಯಕನ ಗತ್ತೆಲ್ಲ ಸಿಪ್ಪೆ ಸುಲಿಯುತ್ತದೆ. ಸುತ್ತ ಅಮೆರಿಕದ ಅಂತರ್ಯುದ್ಧ. ಒಂದು ಸೇತುವೆಗಾಗಿ ಸಾವಿರಾರು ಸೈನಿಕರು ಸಾಯುತ್ತಿರುತ್ತಾರೆ. ಪೋಕರಿಗಳ ಚಿಲ್ಲರೆ ದುರಾಸೆಯ ಪಕ್ಕದಲ್ಲಿ ಸರ್ಕಾರಗಳ ಸಗಟು ಕ್ರೌರ್ಯವನ್ನು ನಿಲ್ಲಿಸಿದ್ದೇ ಲಿಯೊನೆಯ ಜಾಣತನ.

ರಾಕಿಯೂ ಮುಂಬೈಯಲ್ಲಿ ಹೀಗೇ ಶುರುವಾಗುತ್ತಾನೆ. ಮೊದಲ ಅಧ್ಯಾಯದ (2018) ಆ ಅರ್ಧ ನನಗೆ ಇಷ್ಟ. ಆಮೇಲೆ ತಾಯಿಗೆ ಕೊಟ್ಟ ಮಾತು ಅವನ ದುರಾಸೆಯನ್ನೂ ಪುಣ್ಯಕಾರ್ಯ ಮಾಡಿಬಿಡುತ್ತದೆ. ಅವನು ಪೆಟ್ಟು ತಿನ್ನುತ್ತಾನೆ, ಗುಂಡೂ ತಿನ್ನುತ್ತಾನೆ. ನಗೆಪಾಟಲಾಗುವುದು ಮಾತ್ರ ಇಲ್ಲ. ಲಿಯೊನೆಯ ನಾಯಕ ಬಾಯಿ ಮುಚ್ಚಿಕೊಂಡಿದ್ದರೆ ನಾವೇ ಅವನನ್ನು ಅಳೆಯಬೇಕು. ಇಲ್ಲಿ ಕಥೆ ಹೇಳುವ ಅನಂತ್ ನಾಗ್ ದನಿಯಿಂದ ಹಿಡಿದು ಬೀದಿಯ ಹುಡುಗರವರೆಗೆ ಎಲ್ಲರೂ ರಾಕಿಯ ಪರವಾಗಿ ವಕಾಲತ್ತು ವಹಿಸುತ್ತಾರೆ. ಭುವನ್ ಗೌಡರ ಮಸಿ ಬಳಿದಂಥ ಛಾಯಾಗ್ರಹಣ ಮಾತಿಲ್ಲದೆ ಹೇಳಿದ್ದನ್ನೇ ಸಂಭಾಷಣೆ ಮತ್ತೆ ಕೂಗಿ ಹೇಳುತ್ತದೆ. ಪೋಕರಿತನ ಕನ್ನಡಕ್ಕೆ ಒಗ್ಗದೆಂದಲ್ಲ. ‘ಕೌಬಾಯ್ ಕುಳ್ಳ’ದಲ್ಲಿ ದ್ವಾರಕೀಶರ ತಲೆಗೆ ಆ ಟೋಪಿ ಇಟ್ಟದ್ದೇ ಅರ್ಧ ತಮಾಷೆ, ‘ಉಳಿದವರು ಕಂಡಂತೆ’ಯ ರಿಚ್ಚಿಯಂತೂ ಈ ಕುಲದ ನಿಜವಾದ ವಾರಸುದಾರ.

ಇನ್ನು ಊರು. ಲಿಯೊನೆ ಸ್ಪೇನಿನ ಅಲ್ಮೇರಿಯಾವನ್ನು ಅಮೆರಿಕವೆಂದು ನಂಬಿಸಿದ. ನಮ್ಮವರು ನಿಜದ ಗಣಿ ಊರಾದ ಕೆಜಿಎಫ್‌ನ ಸಯನೈಡ್ ದಿಬ್ಬಗಳ ಮೇಲೇ ಸೆಟ್ ಹಾಕಿ, ಅಲ್ಲಿ ನಾರಾಚಿ ಎಂಬ ಇಲ್ಲದ ಊರನ್ನು ಕಟ್ಟಿದರು. ಕಲ್ಪನೆಗೆ ನನ್ನ ತಕರಾರಿಲ್ಲ. ಆದರೆ ಹತ್ತಿರದ ಬೇತಮಂಗಲದಲ್ಲಿ ನಿಂತು ನೋಡಿದರೆ ಕೈಬಿಟ್ಟದ್ದೆಷ್ಟೆಂದು ತಿಳಿಯುತ್ತದೆ. ಪಾಲಾರ್ ನದಿಗೆ ಕಟ್ಟಿದ ಇಲ್ಲಿನ ಕೆರೆಯ ನೀರು ಗಣಿ ಊರಿನ ಬಾಯಾರಿಕೆ ತಣಿಸಿತು. ಆಂಧ್ರ, ತಮಿಳುನಾಡು ಎರಡೂ ಸಮೀಪ. ಸಂತೆಯಲ್ಲಿ ಮೂರು ಭಾಷೆ. ಲಿಯೊನೆಗೆ ಬೇಕಿದ್ದ ಗಡಿನಾಡು ಇದೇ ತಾನೆ! 1880ರಿಂದ ಗಣಿ ನಡೆಸಿದ್ದು ಜಾನ್ ಟೇಲರ್ ಕಂಪನಿ. ಚಿತ್ರದಲ್ಲಿ ಕೂಲಿಗಳು ಉದ್ಧಾರಕನಿಗಾಗಿ ಕಾಯುವ ಗುಲಾಮರು. ನಿಜದ ಗಣಿಯವರು ಬೆರಳಚ್ಚು ಕೊಡುವುದಿಲ್ಲವೆಂದು 1930ರಲ್ಲೇ ಮುಷ್ಕರ ಹೂಡಿದವರು. ಅದಿರು ಕದಿಯುವ ಕೂಲಿಯಾಳು ಕಂಪನಿಗೆ ದೊಡ್ಡ ತಲೆನೋವಾಗಿದ್ದ. ಲಂಡನ್ನಿನ ಷೇರುದಾರರು ಸಾಗಿಸಿದರೆ ಲಾಭ, ಇವನು ಚೂರು ಬಚ್ಚಿಟ್ಟುಕೊಂಡರೆ ಜೈಲು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಚೂರುಪಾರು ಚಿನ್ನಕ್ಕಾಗಿ ಒಳಗಿಳಿದು ಪ್ರಾಣ ಬಿಟ್ಟವರಿದ್ದಾರೆ.

ಈ ಅದಿರುಗಳ್ಳನಿಗಿಂತ ಒಳ್ಳೆಯ ಪೋಕರಿ ನಾಯಕ ಯಾರಿಗೆ ಸಿಗಬೇಕು? ನಿರ್ದೇಶಕ ಪ್ರಶಾಂತ್ ನೀಲ್ ಮೂರನೇ ಅಧ್ಯಾಯಕ್ಕೆ ಕೈ ಹಾಕುವುದಾದರೆ ದೊಡ್ಡಮ್ಮನಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು, ಇವನನ್ನೊಮ್ಮೆ ತೆರೆಗೆ ತರಲಿ.