ಕೆನ್ ಆಂಡರ್ಸನ್ ಮತ್ತು ಕೊನೆಯ ಒಂದು ಗಜ

ಕೆನ್ ಆಂಡರ್ಸನ್ 1971ರಿಂದ 1986ರವರೆಗೆ, ಹದಿನಾರು ಋತು, ಅಮೆರಿಕನ್ ಫುಟ್‌ಬಾಲ್‌ನ ಸಿನ್ಸಿನಾಟಿ ಬೆಂಗಾಲ್ಸ್ ತಂಡವೊಂದಕ್ಕೇ ಆಡಿದ ಕ್ವಾರ್ಟರ್‌ಬ್ಯಾಕ್. ಇಲಿನಾಯ್‌ನ ಸಣ್ಣ ಅಗಸ್ಟಾನಾ ಕಾಲೇಜಿನಿಂದ ಬಂದ ಅವರನ್ನು ತಂಡ ಆರಿಸಿಕೊಂಡದ್ದು ಮೂರನೆಯ ಸುತ್ತಿನಲ್ಲಿ. ಆಗ ಅಲ್ಲಿ ಸಹಾಯಕ ಕೋಚ್ ಆಗಿದ್ದ ಬಿಲ್ ವಾಲ್ಶ್ ಕಡಿಮೆ ದೂರದ, ಕರಾರುವಾಕ್ಕಾದ ಪಾಸ್‌ಗಳ ಮೇಲೆ ಆಟ ಕಟ್ಟುತ್ತಿದ್ದರು. ‘ವೆಸ್ಟ್ ಕೋಸ್ಟ್’ ಎಂದು ಹೆಸರಾದ ಈ ಪದ್ಧತಿಯ ಕೀರ್ತಿ ಮುಂದೆ ಸ್ಯಾನ್ ಫ್ರಾನ್ಸಿಸ್ಕೊಗೂ ಜೋ ಮೊಂಟಾನಾಗೂ ಸಂದಿತು. ಅದಕ್ಕೂ ಮೊದಲೇ ಅದು ಪಳಗಿದ್ದು ಆಂಡರ್ಸನ್ ಕೈಯಲ್ಲಿ. ಅವರು ವಾಲ್ಶ್ ತಯಾರಿಸಿದ ಆಟಗಾರ ಮಾತ್ರ ಎನ್ನುವ ವಾದ ನಿಲ್ಲುವುದಿಲ್ಲ. ಪಾಸರ್ ರೇಟಿಂಗ್‌ನಲ್ಲಿ ಲೀಗಿಗೇ ಮೊದಲಿಗರಾದ ನಾಲ್ಕು ಋತುಗಳಲ್ಲಿ ಎರಡು, 1981 ಮತ್ತು 1982, ವಾಲ್ಶ್ ತಂಡ ಬಿಟ್ಟು ವರ್ಷಗಳಾದ ಮೇಲಿನವು. 1981ರಲ್ಲಿ ಅವರು ಲೀಗಿನ ಅತ್ಯಮೂಲ್ಯ ಆಟಗಾರರೂ ಆದರು.

ಆ ಋತುವಿನ ಸೂಪರ್ ಬೌಲ್ 1982ರ ಜನವರಿ 24ರಂದು ಮಿಷಿಗನ್‌ನ ಪಾಂಟಿಯಾಕ್‌ನಲ್ಲಿ ನಡೆಯಿತು. ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ, ಅದರ ಕೋಚ್ ಅದೇ ವಾಲ್ಶ್. ವಿರಾಮದ ಹೊತ್ತಿಗೆ ಬೆಂಗಾಲ್ಸ್ 20-0 ಹಿಂದಿತ್ತು. ಮೊದಲ ದಾಳಿಯಲ್ಲೇ, ಗೋಲು ಗೆರೆಯ ಹತ್ತಿರ, ಆಂಡರ್ಸನ್ ಎಸೆದ ಚೆಂಡು ಎದುರಾಳಿಯ ಪಾಲಾಗಿತ್ತು; ಆ ತಪ್ಪು ಅವರದೇ. ಮೂರನೆಯ ಕಾಲುಭಾಗದಲ್ಲಿ ತಾವೇ ಓಡಿ ಅಂಕ ಗಳಿಸಿ ಅಂತರವನ್ನು 20-7ಕ್ಕೆ ಇಳಿಸಿದರು. ಆಮೇಲಿನ ಒಂದು ದಾಳಿ ಗೋಲು ಗೆರೆಗೆ ಮೂರು ಗಜ ದೂರದವರೆಗೆ ಬಂತು, ಕೈಯಲ್ಲಿ ನಾಲ್ಕು ಯತ್ನಗಳು. ಮೊದಲನೆಯದರಲ್ಲಿ ಭಾರೀ ಮೈಕಟ್ಟಿನ ಪೀಟ್ ಜಾನ್ಸನ್ ಎರಡು ಗಜ ನುಗ್ಗಿದರು. ಎರಡನೆಯದರಲ್ಲೂ ಚೆಂಡು ಅವರಿಗೇ, ಒಂದಿಂಚೂ ಸಿಗಲಿಲ್ಲ. ಮೂರನೆಯದು ಪಾಸ್. ಚಾರ್ಲ್ಸ್ ಅಲೆಕ್ಸಾಂಡರ್ ಚೆಂಡನ್ನು ಹಿಡಿದರು, ಆದರೆ ಗೆರೆಯ ಈಚೆ; ಡ್ಯಾನ್ ಬಂಜ್ ಅವರನ್ನು ಅಲ್ಲೇ ಕೆಡವಿದರು. ನಾಲ್ಕನೆಯದರಲ್ಲಿ ಮತ್ತೆ ಜಾನ್ಸನ್, ಮತ್ತೆ ಗೋಡೆ. ನಾಲ್ಕರಲ್ಲಿ ಮೂರು ಬಾರಿ ಆಂಡರ್ಸನ್ ಮಾಡಬಹುದಾಗಿದ್ದದ್ದು ಚೆಂಡನ್ನು ದಾಟಿಸುವುದಷ್ಟೇ. ಅವರು ಎಸೆದ ಒಂದೇ ಒಂದು ಚೆಂಡು ಹಿಡಿಯುವವನ ಕೈ ಸೇರಿತ್ತು.

ಪಂದ್ಯ 26-21ರಲ್ಲಿ ಕೈತಪ್ಪಿತು. ಆಂಡರ್ಸನ್ 34 ಪಾಸ್‌ಗಳಲ್ಲಿ 25 ಗುರಿ ಮುಟ್ಟಿಸಿ 300 ಗಜ ಗಳಿಸಿದ್ದರು, ಮೊಂಟಾನಾ 157.

ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ ಮತ ಹಾಕುವವರಲ್ಲಿ, ಆ ಮತದಾರರನ್ನು ಸಮರ್ಥಿಸುವ ವಿಮರ್ಶಕರಲ್ಲಿ, ಆ ಸೋಲಿನಲ್ಲಿ ಆಂಡರ್ಸನ್ ಕೈತಪ್ಪಿದ, ಸೂಪರ್ ಬೌಲ್ ಗೆದ್ದವರಿಗೆ ಸಿಗುವ ಉಂಗುರವನ್ನೇ ಅಳತೆಗೋಲು ಮಾಡಿಕೊಂಡವರು ಬಹಳ. ಅದೇ ಅಳತೆಯಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ನೇಮತ್ 1985ರಲ್ಲೇ ಒಳಗೆ ಹೋದರು. 1969ರ ಸೂಪರ್ ಬೌಲ್‌ನಲ್ಲಿ ಗೆಲುವಿನ ಭರವಸೆ ಕೊಟ್ಟು ಗೆದ್ದದ್ದು ದೊಡ್ಡ ಸಂಗತಿಯೇ. ಆದರೆ ಆ ಪಂದ್ಯದಲ್ಲಿ ಅವರ ಒಂದು ಪಾಸೂ ಟಚ್‌ಡೌನ್ ಆಗಲಿಲ್ಲ. ವೃತ್ತಿಜೀವನದುದ್ದಕ್ಕೂ 173 ಟಚ್‌ಡೌನ್‌ಗೆ ಎದುರಾಳಿಗೆ ಒಪ್ಪಿಸಿದ ಚೆಂಡುಗಳು 220. ಆಂಡರ್ಸನ್ ಲೆಕ್ಕ 197ಕ್ಕೆ 160. ಕಾಲ ಬೇರೆ, ಲೀಗ್ ಬೇರೆ ಎಂಬ ಸಮಾಧಾನ ಇಷ್ಟು ದೊಡ್ಡ ಅಂತರವನ್ನು ಮುಚ್ಚುವುದಿಲ್ಲ.

1982ರಲ್ಲಿ ಅವರ ಪಾಸ್‌ಗಳಲ್ಲಿ ನೂರಕ್ಕೆ 70.6 ಗುರಿ ಸೇರಿದವು. ಮುಷ್ಕರದಿಂದ ಒಂಬತ್ತು ಪಂದ್ಯಗಳಿಗೆ ಮೊಟಕಾದ ಋತು ಅದು, ನಿಜ; ಆದರೂ ಆ ದಾಖಲೆಯನ್ನು ಕೂದಲೆಳೆಯಷ್ಟು ಮೀರಲು ಡ್ರೂ ಬ್ರೀಸ್ 2009ರಲ್ಲಿ ಬರಬೇಕಾಯಿತು. 1996 ಮತ್ತು 1998ರಲ್ಲಿ ಆಂಡರ್ಸನ್ ಹೆಸರು ಹಾಲ್ ಆಫ್ ಫೇಮ್‌ನ ಅಂತಿಮ ಪಟ್ಟಿಯವರೆಗೆ ಹೋಗಿ ಎರಡು ಸಲವೂ ಹಿಂದಿರುಗಿತು.